ಪರದೆಯ ಆಚೆ ಈಚೆ

ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ನನ್ನನ್ನು ‘ಮೊಲದ ಕಿವಿಯವಳು’ ಎಂದು ಕರೆಯುತ್ತಿದ್ದರು. ದೊಡ್ಡವರು ಎಲ್ಲಿ ತಗ್ಗಿದ ದನಿಯಲ್ಲಿ ನಾಲ್ಕು ಮಾತಾಡುತ್ತಾರೋ ಅಲ್ಲಿ ನಾನು ಹಾಜರು. ಹೆಣ್ಣುಮಕ್ಕಳಿಗೆ ಯಾರೂ ಏನನ್ನೂ ನೇರವಾಗಿ ಹೇಳದಿದ್ದ ಕಾಲ ಅದು. ಅಕ್ಕನಿಗೆ ಗಂಡು ಗೊತ್ತಾದದ್ದು, ಸೋದರತ್ತೆ ಗಂಡನ ಮನೆ ಬಿಟ್ಟು ಬಂದದ್ದು, ಗದ್ದೆಯನ್ನು ಅಡವಿಟ್ಟದ್ದು, ಎಲ್ಲವೂ ನಮಗೆ ತಿಳಿಯುತ್ತಿದ್ದುದು ಬಾಗಿಲ ಸಂದಿಯಿಂದಲೇ. ಕದ್ದು ಕೇಳಬಾರದು ಎಂದು ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಆದರೆ ಕದಿಯದೆ ಕೇಳಲು ನಮಗೆ ಬೇರೆ ಏನಿತ್ತು?

1965ರಲ್ಲಿ, ನನಗೆ ಹತ್ತು ವರ್ಷವಾಗಿದ್ದಾಗ, ಹಾಗೆ ಬಾಗಿಲ ಸಂದಿಯಿಂದ ಕೇಳಿದ ಒಂದು ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ದೊಡ್ಡಮ್ಮನಿಗೆ ಎದೆಯಲ್ಲಿ ಗಂಟಾಗಿತ್ತು. ಅಪ್ಪ, ದೊಡ್ಡಪ್ಪ ಹಾಸನದ ಡಾಕ್ಟರನ್ನು ಕಂಡು ಬಂದು ಜಗುಲಿಯ ಮೇಲೆ ಕೂತು ಪಿಸುಗುಟ್ಟುತ್ತಿದ್ದರು. ‘ಅದೇ ಕಾಯಿಲೆಯಂತೆ. ಮದರಾಸಿನ ಅಡ್ಯಾರಿನಲ್ಲಿ ಇದಕ್ಕೇ ಒಂದು ಆಸ್ಪತ್ರೆ ಇದೆಯಂತೆ. ಕರೆದುಕೊಂಡು ಹೋದರೂ ಉಳಿಯುವುದು ಕಷ್ಟವಂತೆ. ಅವಳಿಗೆ ಮಾತ್ರ ಗೊತ್ತಾಗಬಾರದು.’ ನಾನು ಬಾಗಿಲ ಹಿಂದಿನಿಂದ ಮೆಲ್ಲನೆ ಸರಿದು ಅಡುಗೆಮನೆಗೆ ಹೋದೆ. ದೊಡ್ಡಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ತಲೆಯೆತ್ತದೆ, ‘ಏನಂದ್ರೇ ನಿಮ್ಮಪ್ಪ?’ ಎಂದು ಕೇಳಿದಳು. ‘ಏನೂ ಇಲ್ಲ ದೊಡ್ಡಮ್ಮ, ಅಡಿಕೆ ವಿಷಯ’ ಎಂದೆ. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿಗೆ ಹಾಕಿದಳು. ಮತ್ತೆ ಕೇಳಲಿಲ್ಲ. ಮರುವರ್ಷ ತೀರಿಕೊಂಡಳು. ಮನೆಯಲ್ಲಿ ಯಾರೂ ಆ ರೋಗದ ಹೆಸರನ್ನು ಬಾಯಿಬಿಟ್ಟು ಹೇಳಲಿಲ್ಲ, ಅವಳೂ ಹೇಳಲಿಲ್ಲ.

ನಲವತ್ತನಾಲ್ಕು ವರ್ಷಗಳ ನಂತರ, 2009ರ ಮಳೆಗಾಲದಲ್ಲಿ, ಅದೇ ಗಂಟು ನನ್ನನ್ನು ಹುಡುಕಿಕೊಂಡು ಬಂತು.

ನನ್ನ ಕಾಲ ಬೇರೆಯಾಗಿತ್ತು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವಳು. ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೆಸರು ಹಿಡಿದೇ ಹೇಳಿದರು. ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋಗಿ ಕೀಮೋಥೆರಪಿ ತೆಗೆದುಕೊಳ್ಳಬೇಕಾಯಿತು. ಬೆಳಿಗ್ಗೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿ, ಹಾಸಿಗೆ ಸಿಕ್ಕ ಮೇಲೆ ಸಂಜೆಯವರೆಗೆ ಮಲಗಿ ಬಾಟಲಿಯಿಂದ ಇಳಿಯುವ ಹನಿಗಳನ್ನು ಎಣಿಸುವುದೇ ಕೆಲಸ. ಮೊದಲು ವಾಂತಿ ತಡೆಯುವ ಇಂಜೆಕ್ಷನ್, ಆಮೇಲೆ ಸಲೈನು, ಆಮೇಲೆ ರಸ್ನಾದ ಹಾಗೆ ಕೆಂಪಗಿರುವ ಒಂದು ಔಷಧಿ. ಆ ಕೆಂಪು ಔಷಧಿಯನ್ನು ಕಂಡರೆ ಎಲ್ಲರಿಗೂ ಹೆದರಿಕೆ. ಕೂದಲು ಉದುರಿಸುವುದು ಅದೇ. ಮರುದಿನ ಮೂತ್ರವೂ ಕೆಂಪಗೆ ಹೋಗುತ್ತದೆ. ಮೊದಲೇ ಯಾರಾದರೂ ಹೇಳದಿದ್ದರೆ ರಕ್ತವೆಂದೇ ಜೀವ ಹಾರಿಹೋಗಬೇಕು. ನನಗೆ ಅದನ್ನು ಹೇಳಿದವರು ಡಾಕ್ಟರಲ್ಲ, ಪರದೆಯಾಚೆಯ ಒಂದು ದನಿ.

ಉದ್ದನೆಯ ಹಾಲು. ಎರಡೂ ಬದಿಗೆ ಮಂಚಗಳು. ಮಂಚಕ್ಕೂ ಮಂಚಕ್ಕೂ ನಡುವೆ ಮೇಲಿನ ಕಂಬಿಯಿಂದ ಇಳಿಬಿದ್ದ ಹಸಿರು ಬಟ್ಟೆಯ ಪರದೆ. ಆ ಪರದೆಯನ್ನು ಎಳೆದೊಡನೆ ಮನುಷ್ಯರಿಗೆ ತಾವು ಒಂದು ಕೋಣೆಯೊಳಗೆ ಇದ್ದೇವೆಂಬ ಭ್ರಮೆ ಬಂದುಬಿಡುತ್ತದೆ! ಗಂಡ ಹೆಂಡತಿ ಸಾಲದ ಲೆಕ್ಕ ಹಾಕುತ್ತಾರೆ. ಸೊಸೆ ಫೋನಿನಲ್ಲಿ ತವರಿಗೆ ಅತ್ತೆಯ ದೂರು ಹೇಳುತ್ತಾಳೆ. ಮೂಲವ್ಯಾಧಿಯಿಂದ ಹಿಡಿದು ಮುಟ್ಟು ನಿಂತದ್ದರವರೆಗೆ ಎಲ್ಲವೂ ಪರದೆ ದಾಟಿ ಬರುತ್ತದೆ. ಎರಡನೇ ಸಲ ಹೋಗುವಷ್ಟರಲ್ಲಿ ನನಗೆ ಏಳೆಂಟು ಜನ ದನಿಯಿಂದಲೇ ಪರಿಚಯವಾಗಿದ್ದರು. ಮುಖ ನೋಡಿದರೆ ಗುರುತು ಸಿಗುತ್ತಿರಲಿಲ್ಲ. ಧಾರವಾಡದ ಕಡೆಯ ಒಬ್ಬರು ‘ಗಂಜಿಗೆ ಸ್ವಲ್ಪ ಉಪ್ಪಿನಕಾಯಿ ರಸ ಹಚ್ಚಿಕೊಂಡು ಉಣ್ರೀ, ವಾಂತಿ ನಿಲ್ತದ’ ಎಂದು ಯಾರಿಗೋ ಹೇಳಿದ್ದನ್ನು ನಾನೂ ಮನೆಗೆ ಹೋಗಿ ಮಾಡಿ ನೋಡಿದೆ. ಕೂದಲು ಗೊಂಚಲು ಗೊಂಚಲಾಗಿ ಉದುರುವುದನ್ನು ನೋಡುವ ಬದಲು ತಾನೇ ಮುಂಚೆ ಬೋಳಿಸಿಕೊಂಡೆನೆಂದೂ, ತಿರುಪತಿಗೆ ಹೋಗಿ ಬಂದೆನೆಂದು ನೆರೆಯವರಿಗೆ ಹೇಳಿದೆನೆಂದೂ ಇನ್ನೊಬ್ಬಳು ನಗುತ್ತ ಹೇಳಿದಳು. ಹಾಲಿನಲ್ಲಿದ್ದವರೆಲ್ಲ ಪರದೆಯೊಳಗಿನಿಂದಲೇ ನಕ್ಕರು. ಕೇಳುತ್ತಿದ್ದೇವೆ ಎಂದು ಎಲ್ಲರೂ ಒಪ್ಪಿಕೊಂಡದ್ದು ಆಗ.

ಮೂರನೆಯ ಸಲದ ಮಾತು. ನನ್ನ ಬಲಗಡೆಯ ಮಂಚಕ್ಕೆ ಹೊಸಬರು ಬಂದಿದ್ದರು. ಅರವತ್ತೈದರ ಆಸುಪಾಸಿನ ಹೆಂಗಸು, ತಿಪಟೂರಿನ ಕಡೆಯವರು. ತೆಂಗಿನ ತೋಟದವರೆಂದು ಮಾತಿನಿಂದಲೇ ತಿಳಿಯುತ್ತಿತ್ತು. ಜೊತೆಗೆ ಮಗ. ಸಿಸ್ಟರ್ ಸೂಜಿ ಚುಚ್ಚಿ ಹೋದ ಮೇಲೆ ತಾಯಿಗೆ ಜೋಂಪು ಹತ್ತಿದೆ ಎಂದುಕೊಂಡು ಮಗ ಹೊರಗೆ ಬಂದು ಡಾಕ್ಟರನ್ನು ನಿಲ್ಲಿಸಿಕೊಂಡ. ನಿಲ್ಲಿಸಿಕೊಂಡದ್ದು ಸರಿಯಾಗಿ ನನ್ನ ಕಾಲ್ದೆಸೆಯಲ್ಲಿ.

‘ಸಾರ್, ಅಮ್ಮನಿಗೆ ಏನೂ ಹೇಳ್ಬೇಡಿ. ಕೆಟ್ಟ ನೀರಿನ ಗಡ್ಡೆ ಅಂತ ಹೇಳಿದೀವಿ. ಇದು ಶಕ್ತಿಗೆ ಕೊಡೋ ಗ್ಲೂಕೋಸ್ ಅಂತ ಹೇಳಿ ಕರ್ಕೊಂಡು ಬಂದಿದೀನಿ.’

‘ನೋಡೀಪ್ಪಾ, ಲಿವರಿಗೂ ಹರಡಿದೆ. ಅವರಿಗೆ ಏನಾದರೂ ಹೇಳಿಕೊಳ್ಳೋದು, ಮಾಡಿಕೊಳ್ಳೋದು ಇರಬಹುದು.’

‘ಬೇಡಿ ಸಾರ್. ಧೈರ್ಯ ಕಳ್ಕೊಂಡ್ಬಿಡ್ತಾಳೆ.’

ಡಾಕ್ಟರು ನಿಟ್ಟುಸಿರು ಬಿಟ್ಟು ಮುಂದೆ ಹೋದರು. ಮಗ ಬಿಲ್ಲು ಕಟ್ಟಲು ಕೆಳಗಿಳಿದ. ಅವನ ದನಿ ಒಡೆದದ್ದು ನನಗೆ ಕೇಳಿಸಿತ್ತು, ಅವನನ್ನು ದೂರುವ ಮನಸ್ಸಾಗಲಿಲ್ಲ. ಐದು ನಿಮಿಷ ಎಲ್ಲ ಮೌನ. ಆಮೇಲೆ ಪರದೆಯ ಆಚೆಯಿಂದ ಮೆಲ್ಲನೆ ಕೇಳಿತು:

‘ಮೇಡಮ್ಮೋರೆ, ನಿಮಗೂ ಶಕ್ತಿಗೇನಾ ಈ ಬಾಟ್ಲಿ ಹಾಕಿರೋದು?’

ಏನು ಹೇಳಲಿ? ನನ್ನ ಬಾಯಿ ಒಣಗಿತು. ‘ಹೂಂ ಅಮ್ಮ, ಶಕ್ತಿಗೇ’ ಎಂದೆ. ಅವರು ‘ಹಂಗಾ’ ಎಂದು ಸುಮ್ಮನಾದರು. ಹಸಿರು ಪರದೆಯ ಮೇಲೆ ಫ್ಯಾನಿನ ಗಾಳಿಗೆ ಸಣ್ಣಗೆ ಅಲೆಯೆದ್ದಿತು. ನನಗೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ದೊಡ್ಡಮ್ಮ ಕಂಡಳು. ನನಗೆ ಆಗ ಹತ್ತಲ್ಲ, ಐವತ್ತನಾಲ್ಕು.

ಮುಂದಿನ ಮೂರು ವಾರ ಮನೆಯಲ್ಲಿ ಮಲಗಿದ್ದಾಗ ಬೇರೇನೂ ಕೈಗೆ ಹತ್ತಲಿಲ್ಲ. ಇತಿಹಾಸದ ಮೇಷ್ಟ್ರಾದವರಿಗೆ ಒಂದು ಕೆಟ್ಟ ಚಾಳಿ, ಮನಸ್ಸಿಗೆ ಮುಳ್ಳು ಚುಚ್ಚಿದರೆ ಅದರ ಇತಿಹಾಸ ಹುಡುಕುತ್ತ ಕೂರುತ್ತಾರೆ. ಇಪ್ಪತ್ತೈದು ವರ್ಷ ನಾನು ಪಾಠ ಮಾಡಿದ ಇತಿಹಾಸದಲ್ಲಿ ಯುದ್ಧದಲ್ಲಿ ಗಾಯಗೊಂಡ ರಾಜರಿದ್ದರು, ಕಾಯಿಲೆ ಬಿದ್ದ ಹೆಂಗಸರು ಇರಲಿಲ್ಲ. ಗೆಳತಿಯೊಬ್ಬಳಿಂದ ಲೈಬ್ರರಿಯ ಪುಸ್ತಕ ತರಿಸಿಕೊಂಡೆ. ಓದುತ್ತ ಹೋದಂತೆ ನನಗೆ ಮೊದಲು ಸಿಕ್ಕವಳು ಇನ್ನೂರು ವರ್ಷದ ಹಿಂದೆ, ಇದೇ ರೋಗಕ್ಕೆ, ಒಂದು ತೆಳು ಬಟ್ಟೆಯ ಕೆಳಗೆ ಮಲಗಿದ್ದ ಒಬ್ಬಾಕೆ.

ಆಕೆ ಇಂಗ್ಲೆಂಡಿನ ಕಾದಂಬರಿಗಾರ್ತಿ ಫ್ಯಾನಿ ಬರ್ನಿ. ಫ್ರೆಂಚನೊಬ್ಬನನ್ನು ಮದುವೆಯಾಗಿ ಪ್ಯಾರಿಸಿನಲ್ಲಿದ್ದಾಗ, 1811ರ ಸೆಪ್ಟೆಂಬರ್ 30ರಂದು ಆಕೆಯ ಬಲ ಸ್ತನವನ್ನು ಕತ್ತರಿಸಿ ತೆಗೆದರು. ಆಗ ಆಕೆಗೆ 59 ವರ್ಷ. ನೆಪೋಲಿಯನ್ನನ ಸೈನ್ಯದ ಹೆಸರಾಂತ ಶಸ್ತ್ರವೈದ್ಯ ಲಾರಿಯೇ ಕತ್ತಿ ಹಿಡಿದವನು. ಅರಿವಳಿಕೆ ಎಂಬುದು ಬರಲು ಇನ್ನೂ ಮೂವತ್ತು ವರ್ಷಕ್ಕೂ ಮೇಲೆ ಬೇಕಿತ್ತು. ಕೊಟ್ಟದ್ದು ಒಂದು ಲೋಟ ವೈನು. ದಿನ ಯಾವುದೆಂದು ಆಕೆಗೆ ಮೊದಲೇ ತಿಳಿಸಿರಲಿಲ್ಲ, ತಿಳಿದರೆ ಹೆದರುತ್ತಾಳೆಂದು. ಎರಡು ಗಂಟೆಯ ಮುಂಚೆ ಹೇಳಿದರು. ಕಪ್ಪು ಬಟ್ಟೆ ತೊಟ್ಟ ಏಳು ಜನ ಗಂಡಸರು ಕೋಣೆಯೊಳಕ್ಕೆ ಬಂದರು. ಆಕೆ ನೋಡಬಾರದೆಂದು ಮುಖದ ಮೇಲೆ ಒಂದು ಕರವಸ್ತ್ರ ಹೊದಿಸಿದರು. ಆದರೆ ಬಟ್ಟೆ ತೆಳುವಾಗಿತ್ತು! ಅದರ ಮೂಲಕವೇ ಆಕೆ ಉಕ್ಕಿನ ಹೊಳಪನ್ನು ಕಂಡಳು. ವೈದ್ಯ ಮಾತಿಲ್ಲದೆ ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ, ಅದಕ್ಕೆ ಅಡ್ಡಗೆರೆ, ಸುತ್ತ ಒಂದು ವೃತ್ತ ಬರೆದು ತೋರಿಸಿದ್ದನ್ನು ಕಂಡಳು. ಗಡ್ಡೆಯನ್ನಷ್ಟೇ ಅಲ್ಲ, ಇಡೀ ಸ್ತನವನ್ನೇ ತೆಗೆಯಲಿದ್ದಾರೆಂದು ತಿಳಿದದ್ದು ಹಾಗೆ. ಇದನ್ನೆಲ್ಲ ಆಕೆ ತಿಂಗಳುಗಟ್ಟಲೆ ತಡೆತಡೆದು ತನ್ನ ಅಕ್ಕ ಎಸ್ತರಳಿಗೆ ಪತ್ರ ಬರೆದಳು. ಬರೆದದ್ದನ್ನು ತಿರುಗಿ ಓದುವ ಧೈರ್ಯ ಆಕೆಗೇ ಇರಲಿಲ್ಲ. ಆಮೇಲೆ ಆಕೆ ಇಪ್ಪತ್ತೆಂಟು ವರ್ಷ ಬದುಕಿದಳು, 1840ರವರೆಗೆ.

ಇದನ್ನು ಓದಿ ಪುಸ್ತಕವನ್ನು ಎದೆಯ ಮೇಲೆ, ಅಂದರೆ ಎದೆಯಿದ್ದ ಕಡೆ, ಇಟ್ಟುಕೊಂಡು ಬಹಳ ಹೊತ್ತು ಮಲಗಿದ್ದೆ. ಮುಖಕ್ಕೆ ಬಟ್ಟೆ ಹೊದಿಸಿದವರು ಕೆಟ್ಟವರಲ್ಲ, ಆಕೆಯ ಹಿತಕ್ಕೇ ಹೊದಿಸಿದರು. ಆದರೆ ರೋಗಿಗೂ ಕಣ್ಣು ಕಿವಿ ಇದ್ದಾವೆ ಎಂಬುದನ್ನು ಮರೆತರು.

ಅದೇ ಪ್ಯಾರಿಸಿನಲ್ಲಿ ಐದು ವರ್ಷ ಕಳೆದ ಮೇಲೆ, 1816ರಲ್ಲಿ, ಇನ್ನೊಂದು ಘಟನೆ ನಡೆಯಿತು. ಇಂದು ಎಲ್ಲ ಡಾಕ್ಟರ ಕೊರಳಲ್ಲೂ ತೂಗುವ ಸ್ಟೆತಾಸ್ಕೋಪು ಹುಟ್ಟಿದ್ದು ಒಬ್ಬ ಹೆಣ್ಣುಮಗಳಿಂದ. ರೆನೆ ಲೆನೆಕ್ ಎಂಬ ವೈದ್ಯನ ಬಳಿಗೆ ಹೃದಯದ ತೊಂದರೆಯ ತರುಣಿಯೊಬ್ಬಳು ಬಂದಳು. ಮೈ ತುಂಬಿಕೊಂಡಿದ್ದವಳು. ಎದೆಗೆ ಕಿವಿಯಿಟ್ಟು ಕೇಳುವುದು ಆ ಕಾಲದ ಪದ್ಧತಿಯೇ ಆದರೂ ತರುಣಿಯ ಎದೆಗೆ ಕಿವಿಯಿಡಲು ಅವನಿಗೆ ಸಂಕೋಚವಾಯಿತು. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟುಕೊಂಡ. ಬರಿಯ ಕಿವಿಗಿಂತ ಸ್ಪಷ್ಟವಾಗಿ ಎದೆಬಡಿತ ಕೇಳಿತು! ಅಂದಿನಿಂದ ವೈದ್ಯರಿಗೆ ರೋಗಿಯ ಒಳಗಿನ ಸದ್ದು ಚೆನ್ನಾಗಿ ಕೇಳತೊಡಗಿತು. ಬಾಯಿಯ ಮಾತು ಅಷ್ಟೇ ಚೆನ್ನಾಗಿ ಕೇಳಿತೆ? ಆ ತರುಣಿಯ ಹೆಸರೂ ನಮಗೆ ತಿಳಿದಿಲ್ಲ.

ರೋಗಿಯ ಕಿವಿಯ ಬಗ್ಗೆ ಮೊದಲು ಸರಿಯಾಗಿ ಯೋಚಿಸಿದವಳು, ನಿರೀಕ್ಷಿಸಬಹುದಾದ ಹಾಗೆ, ಒಬ್ಬ ಹೆಂಗಸು. ದೀಪ ಹಿಡಿದ ಮಹಿಳೆಯೆಂದು ನಾವೆಲ್ಲ ಪಠ್ಯಪುಸ್ತಕದಲ್ಲಿ ಓದಿದ ಫ್ಲಾರೆನ್ಸ್ ನೈಟಿಂಗೇಲ್. ಪಠ್ಯಪುಸ್ತಕ ದೀಪ ಕೊಟ್ಟು ಸುಮ್ಮನಾಗುತ್ತದೆ. ಕ್ರಿಮಿಯಾ ಯುದ್ಧದಿಂದ ಮರಳಿದ ಮೇಲೆ, 1857ರಿಂದ, ಆಕೆ ಬಹುಪಾಲು ಹಾಸಿಗೆ ಹಿಡಿದವಳೇ ಆಗಿದ್ದಳೆಂಬುದನ್ನು ಅದು ಹೇಳುವುದಿಲ್ಲ. ಶುಶ್ರೂಷೆಯ ಬಗ್ಗೆ 1859ರಲ್ಲಿ ಆಕೆ ಬರೆದ ಪುಸ್ತಕದಲ್ಲಿ ಸದ್ದಿನ ಬಗ್ಗೆಯೇ ಒಂದು ಅಧ್ಯಾಯವಿದೆ. ರೋಗಿಯ ಕೋಣೆಯಲ್ಲಿ ಪಿಸುಗುಟ್ಟುವುದು ಕ್ರೌರ್ಯ ಎನ್ನುತ್ತಾಳೆ ಆಕೆ, ಏಕೆಂದರೆ ಬೇಡವೆಂದರೂ ರೋಗಿಯ ಕಿವಿ ಅತ್ತಲೇ ಎಳೆಯುತ್ತದೆ. ಬಾಗಿಲಾಚೆ ನಿಂತು ಡಾಕ್ಟರೂ ನೆಂಟರೂ ಮಾತಾಡುವುದು ಇನ್ನೂ ಕೆಟ್ಟದ್ದು. ತನ್ನ ವಿಷಯವನ್ನೇ ಆಡುತ್ತಿದ್ದಾರೆಂದು ರೋಗಿಗೆ ಗೊತ್ತು. ಒಳ್ಳೆಯ ಸ್ವಭಾವದವನಾದರೆ ಕೇಳಿಸಿಕೊಳ್ಳದಿರಲು ಹೆಣಗುತ್ತಾನೆ, ಆ ಹೆಣಗಾಟವೇ ಅವನನ್ನು ಇನ್ನಷ್ಟು ಬಳಲಿಸುತ್ತದೆ. ಹೇಳುವುದಿದ್ದರೆ ರೋಗಿಯ ಮುಂದೆ ಸ್ಪಷ್ಟವಾಗಿ ಹೇಳಿ ಎಂಬುದು ಅವಳ ಮಾತಿನ ತಾತ್ಪರ್ಯ. ಎರಡೂ ಗೋಡೆಗೆ ಸಾಲುಮಂಚಗಳು, ಎತ್ತರದ ಕಿಟಕಿಗಳು, ಸುಮಾರು ಮೂವತ್ತು ರೋಗಿಗಳ ಉದ್ದನೆಯ ವಾರ್ಡು ಅವಳ ಹೆಸರಿನಿಂದಲೇ ಪ್ರಸಿದ್ಧವಾಯಿತು. 1871ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ಹೊಸ ಕಟ್ಟಡ ಹಾಗೆಯೇ ಎದ್ದಿತು. ನಾನು ಮಲಗಿದ್ದ ಹಾಲು ಕೂಡ ಅದರ ದೂರದ ಮರಿಮಗಳೇ ಇರಬೇಕು.

ನಮ್ಮ ದೇಶದಲ್ಲಂತೂ ಪರದೆಯ ಕತೆಯೇ ಬೇರೆ. ಅಂತಃಪುರದ ಹೆಂಗಸರು ಗಂಡು ವೈದ್ಯನಿಗೆ ಮುಖ ತೋರಿಸುವಂತಿರಲಿಲ್ಲ. ಪರದೆಯ ಆಚೆಯಿಂದ ಚಾಚಿದ ಕೈಯ ನಾಡಿ ಹಿಡಿದು ಅವನು ಔಷಧಿ ಹೇಳಬೇಕಿತ್ತು. ಎಲ್ಲಿ ನೋವು, ಎಷ್ಟು ದಿನದಿಂದ ಎಂಬುದನ್ನು ನಡುವೆ ಇನ್ನೊಬ್ಬರು ಹೇಳಬೇಕಿತ್ತು. ಹೇಳಲಾಗದ ಜಾಗದ ನೋವು ಹೇಳದೆಯೇ ಉಳಿಯುತ್ತಿತ್ತು. ಮಧ್ಯಭಾರತದ ಪನ್ನಾ ಸಂಸ್ಥಾನದ ಮಹಾರಾಣಿಗೆ ಮಿಸ್ ಬೀಲ್ಬಿ ಎಂಬ ಇಂಗ್ಲಿಷ್ ಮಹಿಳೆ ಚಿಕಿತ್ಸೆ ಮಾಡಿ ಗುಣಪಡಿಸಿದಳು. 1881ರಲ್ಲಿ ಅವಳು ಸ್ವದೇಶಕ್ಕೆ ಹೊರಟಾಗ ಮಹಾರಾಣಿ ಬೇರೆ ಯಾರನ್ನೂ ಹತ್ತಿರ ಬಿಡದೆ ಒಂದು ಸಂದೇಶ ಬರೆಸಿದಳು: ಕಾಯಿಲೆ ಬಿದ್ದಾಗ ಹಿಂದೂಸ್ಥಾನದ ಹೆಂಗಸರು ಎಷ್ಟು ನರಳುತ್ತಾರೆಂಬುದನ್ನು ನಿಮ್ಮ ರಾಣಿಗೆ ನೀವೇ ಹೇಳಬೇಕು ಎಂದು. ಆ ಚೀಟಿಯನ್ನು ಸಣ್ಣಗೆ ಬರೆಸಿ ಕೊರಳ ಲಾಕೆಟ್ಟಿನೊಳಗೆ ಇಡಿಸಿದಳು. ಅದು ವಿಕ್ಟೋರಿಯಾ ರಾಣಿಗೆ ತಲುಪಿತು. ಅದರ ಫಲವಾಗಿ 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಹೆಸರಿನ ನಿಧಿ ಆರಂಭವಾಯಿತು. ಹೆಂಗಸರಿಗೆ ಹೆಂಗಸರೇ ಚಿಕಿತ್ಸೆ ಕೊಡುವ ಆಸ್ಪತ್ರೆಗಳು, ಹುಡುಗಿಯರಿಗೆ ವೈದ್ಯವಿದ್ಯೆಯ ವೇತನಗಳು ಅದರಿಂದ ಹುಟ್ಟಿದವು. ರಾಣಿಯಾದರೂ ಅವಳು ಪಿಸುಗುಟ್ಟಬೇಕಾಯಿತು. ಆದರೆ ಕೇಳಿಸಿಕೊಂಡವಳು ಕೇಳದ ಹಾಗೆ ನಟಿಸಲಿಲ್ಲ. ಸಮುದ್ರ ದಾಟಿಸಿ ಹೇಳಬೇಕಾದವರಿಗೆ ಹೇಳಿದಳು.

ನಮ್ಮ ಮೈಸೂರು ಸೀಮೆಯಲ್ಲೂ ಅದೇ ದಿನಗಳಲ್ಲಿ ಹೆಂಗಸರ ಆಸ್ಪತ್ರೆಗಳು ಬಂದವು. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು, ಜನ ಇಂದಿಗೂ ಅದನ್ನು ಮಿಷನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ಬೆಂಗಳೂರಿನಲ್ಲಿ 1935ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ವಾಣಿವಿಲಾಸ ಆಸ್ಪತ್ರೆ ಆಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಗಂಡ ತೀರಿಕೊಂಡ ಮೇಲೆ ಮಗ ಪ್ರಾಯಕ್ಕೆ ಬರುವವರೆಗೆ ರಾಜ್ಯವಾಳಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನ ಹೆಸರು ಅದಕ್ಕಿದೆ. ಇನ್ನು ನನ್ನ ಅಪ್ಪ ಜಗುಲಿಯ ಮೇಲೆ ಪಿಸುಗುಟ್ಟಿದ ಆ ಅಡ್ಯಾರಿನ ಆಸ್ಪತ್ರೆ? ಅದರ ಮೂಲದಲ್ಲೂ ಒಬ್ಬ ತಂಗಿಯ ನೋವಿದೆ. ಮದರಾಸಿನ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರ ತಂಗಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ದುಃಖ ಅವರನ್ನು ಮೂವತ್ತು ವರ್ಷ ಬಿಡಲಿಲ್ಲ. ಕ್ಯಾನ್ಸರಿಗೇ ಒಂದು ಆಸ್ಪತ್ರೆ ಏಕೆ, ಹೇಗೂ ಸಾಯುವವರಿಗೆ ಖರ್ಚೇಕೆ ಎನ್ನುವ ಕಾಲದಲ್ಲಿ ಹಣ ಕೂಡಿಸಿ 1954ರಲ್ಲಿ ಅದನ್ನು ತೆರೆದರು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ ಬಂದದ್ದು ಅದಾಗಿ ಹತ್ತೊಂಬತ್ತು ವರ್ಷದ ನಂತರ, 1973ರಲ್ಲಿ. ಆಗ ನಮ್ಮ ದೊಡ್ಡಮ್ಮ ಹೋಗಿ ಏಳು ವರ್ಷವಾಗಿತ್ತು.

ಆಸ್ಪತ್ರೆಗಳು ಬಂದರೂ ‘ಅವಳಿಗೆ ಗೊತ್ತಾಗಬಾರದು’ ಎಂಬ ಮಾತು ಮಾತ್ರ ಹೋಗಲಿಲ್ಲ. ನಮ್ಮವರಷ್ಟೇ ಹಾಗೆಂದು ತಿಳಿಯಬೇಡಿ. 1961ರಲ್ಲಿ ಅಮೆರಿಕದ ಚಿಕಾಗೋದಲ್ಲಿ ಒಂದು ಆಸ್ಪತ್ರೆಯ ವೈದ್ಯರನ್ನು ಕೇಳಿದಾಗ ನೂರಕ್ಕೆ 90 ಮಂದಿ, ಕ್ಯಾನ್ಸರ್ ಎಂದು ರೋಗಿಗೆ ಹೇಳುವುದಿಲ್ಲ ಎಂದಿದ್ದರು. 1979ರಲ್ಲಿ ಇನ್ನೊಂದು ಆಸ್ಪತ್ರೆಯಲ್ಲಿ ಅದೇ ಪ್ರಶ್ನೆ ಕೇಳಿದರೆ ನೂರಕ್ಕೆ 97 ಮಂದಿ ಹೇಳುತ್ತೇವೆ ಎಂದರು. ಹದಿನೆಂಟೇ ವರ್ಷದಲ್ಲಿ ತಕ್ಕಡಿ ತಲೆಕೆಳಗಾಗಿತ್ತು. ನಮ್ಮಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ದೆಹಲಿಯ ಮಹಿಳೆಯೊಬ್ಬರು ಪರೀಕ್ಷೆಗೆಂದು ಅರಿವಳಿಕೆಯಲ್ಲಿದ್ದಾಗ ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶವನ್ನೇ ತೆಗೆದಿದ್ದರು. ವಯಸ್ಕಳಾದ, ಬುದ್ಧಿ ಸ್ಥಿಮಿತದಲ್ಲಿರುವ ರೋಗಿಯ ಪರವಾಗಿ, ಜೀವಕ್ಕೆ ಅಪಾಯವಿಲ್ಲದಾಗ, ತಾಯಿಯ ಒಪ್ಪಿಗೆ ಒಪ್ಪಿಗೆಯಲ್ಲ ಎಂದಿತು ನ್ಯಾಯಾಲಯ. ಏನು ಚಿಕಿತ್ಸೆ, ಅದರಿಂದೇನು ಲಾಭ, ಏನು ಅಪಾಯ, ಬೇರೆ ದಾರಿ ಏನಿದೆ ಎಂಬುದನ್ನು ರೋಗಿಗೇ ತಿಳಿಸಬೇಕು ಎಂದಿತು. ತಾಯಿಗೇ ಆ ಹಕ್ಕಿಲ್ಲವೆಂದ ಮೇಲೆ ಮಗನಿಗೆಲ್ಲಿಂದ? ಗಂಡನಿಗೆಲ್ಲಿಂದ? ಪಕ್ಕದ ಮಂಚದ ಮೇಡಮ್ಮನಿಗಂತೂ ಎಲ್ಲಿಂದ?

ನಾಲ್ಕನೆಯ ಸಲ ಹೋದಾಗ ನಾನೇ ಸಿಸ್ಟರನ್ನು ಕೇಳಿ ತಿಪಟೂರಿನಮ್ಮನ ಪಕ್ಕದ ಮಂಚ ಹಾಕಿಸಿಕೊಂಡೆ. ಅವರ ದನಿ ಸಣ್ಣಗಾಗಿತ್ತು. ಮಗ ಔಷಧಿ ತರಲು ಹೋದ. ಕ್ಷಮೆ ಕೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವರೇ ಹೇಳಿದರು:

‘ಮೇಡಮ್ಮೋರೆ, ಅವತ್ತು ನನ್ಮಗ ಡಾಕ್ಟ್ರು ಹತ್ರ ಆಡಿದ್ದು ನಿಮಗೆ ಕೇಳಿಸ್ತಲ್ವಾ?’

ನಾನು ಬೆಚ್ಚಿಬಿದ್ದೆ. ‘ನಿಮಗೂ ಕೇಳಿಸಿತೇನಮ್ಮಾ?’

‘ಇಬ್ರಿಗೂ ಇರೋದು ಒಂದೇ ಬಟ್ಟೆ ತಾನೆ? ನಿಮಗೆ ಕೇಳ್ಸಿದ್ದು ನನಗೆ ಯಾಕೆ ಕೇಳ್ಸಲ್ಲ? ಅದಕ್ಕೇ ನಾನು ನಿಮ್ಮನ್ನ ಕೇಳಿದ್ದು. ಅವನ ಕೈಲಿ ಆಡೋಕಾಗಲ್ಲ, ಅತ್ತುಬಿಡ್ತಾನೆ. ನೀವಾದ್ರೂ ಒಂದ್ಮಾತು ಆಡ್ತೀರೇನೋ ಅಂತ. ನೀವೂ ಶಕ್ತಿಗೆ ಅಂದ್ಬಿಟ್ರಿ.’

ಅವರು ನನ್ನನ್ನು ಕೇಳಿದ್ದು ಉತ್ತರಕ್ಕಲ್ಲ, ಜೊತೆಗೆ. ನಾನು ಬಾಗಿಲು ಮುಚ್ಚಿದ್ದೆ. ದೊಡ್ಡಮ್ಮನೂ ಉತ್ತರಕ್ಕೆ ಕೇಳಿರಲಿಲ್ಲವೇನೋ. ರೊಟ್ಟಿ ತಟ್ಟುವ ಕೈ ಒಂದು ಕ್ಷಣ ನಿಂತಿತ್ತು ಎಂಬುದು ನನಗೆ ಆಗ ನೆನಪಾಯಿತು.

‘ತಪ್ಪಾಯ್ತಮ್ಮ’ ಎಂದೆ. ನನಗಿರುವುದೂ ಅದೇ ಕಾಯಿಲೆ ಎಂದೆ. ಅವರು ‘ಗೊತ್ತು ಕಣಮ್ಮ’ ಎಂದು ಪರದೆಯ ಅಡಿಯಿಂದ ಕೈ ಚಾಚಿದರು. ಸೂಜಿ ಇಲ್ಲದ ನನ್ನ ಕೈಯನ್ನು ಚಾಚಿದೆ. ಆಮೇಲೆ ಅವರು ಮೆಲ್ಲಗೆ ಹೇಳಿದ್ದಿಷ್ಟು: ದೊಡ್ಡ ಮಗಳು ಬೇರೆ ಜಾತಿಯವನನ್ನು ಮದುವೆಯಾಗಿ ಒಂಬತ್ತು ವರ್ಷವಾಗಿದೆ. ಮನೆಗೆ ಸೇರಿಸಿಲ್ಲ. ಅವಳನ್ನು ನೋಡಬೇಕು. ‘ಶಕ್ತಿ ಬರ್ಲಿ, ಆಮೇಲೆ ನೋಡುವಾ’ ಅನ್ನುತ್ತಾನೆ ಮಗ. ‘ಬರಲ್ಲ ಅಂತ ಗೊತ್ತಿದ್ದೋಳು ಎಷ್ಟು ದಿನ ಕಾಯ್ಲಿ, ನೀವೇ ಹೇಳಿ. ಎಷ್ಟು ದಿನ ಐತೆ ಅಂತ ಡಾಕ್ಟ್ರನ್ನ ನಾನೇ ಒಂದ್ಸಲ ಕೇಳ್ಬೇಕು. ಇವನು ಬಿಡಲ್ಲ.’

ಸಿಸ್ಟರ್ ಕೇರಳದ ಹುಡುಗಿ. ಕನ್ನಡ ಅಷ್ಟಕ್ಕಷ್ಟೆ, ಮನಸ್ಸು ಮಾತ್ರ ಚುರುಕು. ಅವಳನ್ನು ಕರೆದು, ‘ಆ ಅಮ್ಮ ಡಾಕ್ಟರ ಹತ್ತಿರ ಒಬ್ಬರೇ ಮಾತಾಡಬೇಕಂತೆ, ಅವರೇ ಕೇಳಿದ್ದಾರೆ’ ಎಂದೆ. ಅವಳು ನನ್ನ ಮುಖ ನೋಡಿದಳು, ಅವರ ಬಳಿ ಹೋಗಿ ಅವರ ಬಾಯಿಂದಲೇ ಕೇಳಿ ತಿಳಿದುಕೊಂಡಳು. ಮಧ್ಯಾಹ್ನ ಮಗ ಊಟಕ್ಕೆ ಹೋದ ಹೊತ್ತಿಗೆ ಡಾಕ್ಟರು ಬಂದರು. ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು. ‘ಹೇಳಿ ಅಮ್ಮ, ಏನು ಕೇಳಬೇಕಿತ್ತು?’

ನಾನು ಎದ್ದೆ. ಬಾಟಲಿ ತೂಗುವ ಕಂಬಕ್ಕೆ ಚಕ್ರಗಳಿರುತ್ತವೆ. ಅದನ್ನು ತಳ್ಳಿಕೊಂಡು ಹಾಲಿನ ಆ ತುದಿಯ ಕಿಟಕಿಯವರೆಗೆ ಹೋದೆ. ಎಡಗಡೆಯ ಚಕ್ರ ಕಿರುಗುಟ್ಟುತ್ತಿತ್ತು, ಅದೂ ಒಳ್ಳೆಯದಾಯಿತು. ಹೊರಗೆ ಮಳೆ. ಕೆಳಗೆ ಎಳನೀರಿನವನು ಗಾಡಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದ. ಮೊಲದ ಕಿವಿಯವಳಾಗಿ ಹುಟ್ಟಿ ಐವತ್ತನಾಲ್ಕು ವರ್ಷದಲ್ಲಿ ಬೇಕೆಂದೇ ಕೇಳಿಸಿಕೊಳ್ಳದೆ ಇದ್ದದ್ದು ಅದೇ ಮೊದಲು. ಅವರು ಏನು ಕೇಳಿದರು, ಡಾಕ್ಟರು ಏನು ಹೇಳಿದರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಐದನೆಯ ಸಲ ಅವರ ಜೊತೆ ಮಗನೂ ಬಂದಿದ್ದ, ಇನ್ನೊಬ್ಬ ಹೆಂಗಸೂ ಬಂದಿದ್ದಳು. ನಾನು ಪರಿಚಯ ಕೇಳಬೇಕಾಗಲಿಲ್ಲ, ಮೂಗು ಥೇಟು ತಾಯಿಯದೇ. ಅವಳು ಸ್ಟೂಲಿನ ಮೇಲೆ ಕೂತು ತಾಯಿಯ ಕಾಲು ಒತ್ತುತ್ತಿದ್ದಳು. ಪರದೆಯಾಚೆ ಬಹಳ ಹೊತ್ತು ಮಾತೇ ಇರಲಿಲ್ಲ. ಆಮೇಲೆ ಯಾವುದೋ ಮಗುವಿನ ಹೆಸರು, ಶಾಲೆ, ಹಲಸಿನ ಮರ, ಹೀಗೆ ಸಾಧಾರಣ ಮಾತು. ಮಗನೂ ನಡುವೆ ಒಂದೊಂದು ಮಾತು ಸೇರಿಸುತ್ತಿದ್ದ. ನಾನು ಕೇಳಿಸಿಕೊಂಡೆ. ಅದನ್ನು ಕೇಳಿಸಿಕೊಂಡದ್ದಕ್ಕೆ ಅವರು ಬೇಸರಿಸಿಕೊಂಡಿರಲಾರರು. ಆರನೆಯ ಸಲ ಆ ಮಂಚದಲ್ಲಿ ಬೇರೆ ದನಿಯಿತ್ತು. ನಾನು ಸಿಸ್ಟರನ್ನು ಏನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನನ್ನ ಚಿಕಿತ್ಸೆ ಮುಗಿದು ವರ್ಷಗಳಾದವು. ಈಗಲೂ ವರ್ಷಕ್ಕೊಮ್ಮೆ ತಪಾಸಣೆಗೆ ಹೋಗುತ್ತೇನೆ. ಅನುಕೂಲವಿದ್ದವರು ಈಗ ಒಬ್ಬೊಬ್ಬರಿಗೆ ಒಂದೊಂದು ಕೋಣೆಯಿರುವ ಆಸ್ಪತ್ರೆಗೆ ಹೋಗುತ್ತಾರೆ. ಟಿವಿ ಇರುತ್ತದೆ, ಬಾಗಿಲಿರುತ್ತದೆ. ಮಾನ ಮುಚ್ಚಿಕೊಳ್ಳಲು ಅದು ಒಳ್ಳೆಯದೇ, ನಾನು ಬೇಡವೆನ್ನುವುದಿಲ್ಲ. ಆದರೆ ಮೂತ್ರ ಕೆಂಪಗೆ ಹೋಗುತ್ತದೆ, ಹೆದರಬೇಡ ಎಂದು ಅಲ್ಲಿ ಯಾರು ಹೇಳುತ್ತಾರೋ!

ಪುಸ್ತಕಗಳನ್ನು ಲೈಬ್ರರಿಗೆ ಹಿಂದಿರುಗಿಸುವಾಗ ನನಗೆ ಅನಿಸಿದ್ದುಂಟು, ಇತಿಹಾಸ ಓದುವವರೂ ಪರದೆಯ ಈಚೆ ಮಲಗಿದವರೇ. ಫ್ಯಾನಿ ಬರ್ನಿ ಬರೆದದ್ದು ಅಕ್ಕನಿಗೆ, ಪನ್ನಾದ ರಾಣಿ ಹೇಳಿದ್ದು ಇನ್ನೊಬ್ಬ ರಾಣಿಗೆ. ನಮಗಲ್ಲ. ಆದರೂ ನಮ್ಮ ಕಿವಿಗೆ ಬಿದ್ದಿದೆ. ಬಿದ್ದ ಮೇಲೆ, ಕೇಳಲಿಲ್ಲ ಎನ್ನುವ ಹಾಗಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಒಲೆಯ ಮುಂದೆ ತಲೆಯೆತ್ತದೆ, ‘ಏನಂದರಂತೆ?’ ಎಂದು ಕೇಳಿದರೆ ಅವಸರದಲ್ಲಿ ‘ಏನೂ ಇಲ್ಲ’ ಎನ್ನಬೇಡಿ. ಅವರಿಗೆ ಅರ್ಧ ಗೊತ್ತಿರುತ್ತದೆ. ಒಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತುಕೊಳ್ಳಿ.